ಕಣ್ಣಳತೆ ಮೊದಲು, ಸ್ಕೇಲು ಆಮೇಲೆ: ಪರ್ಸ್ಪೆಕ್ಟಿವ್ ಅಭ್ಯಾಸ ಮಾಡುವ ಬಗೆ

ಚಿತ್ರ ಕಲಿಯಲು ಶುರು ಮಾಡಿದವರು ಮೇಜು ಬಿಡಿಸಿದರೆ ಅದರ ಹಲಗೆ ಸಾಮಾನ್ಯವಾಗಿ ನೋಡುವವರ ಕಡೆಗೆ ವಾಲಿಕೊಂಡಿರುತ್ತದೆ. ಮೇಲಿಟ್ಟ ಲೋಟ ಇನ್ನೇನು ಜಾರಿ ಬೀಳುತ್ತದೆ ಅನ್ನಿಸುತ್ತದೆ. ಇದಕ್ಕೆ ಕೈ ಕಾರಣ ಅಲ್ಲ. ಮೇಜು ಇಷ್ಟು ಅಗಲ ಅಂತ ತಲೆಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿರುವುದನ್ನೇ ಅದು ಕೈಯಲ್ಲಿ ಬಿಡಿಸಿಬಿಡುತ್ತದೆ. ಕುರ್ಚಿಯಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡಿ. ಅಷ್ಟು ದೊಡ್ಡ ಹಲಗೆ ಒಂದು ತೆಳು ಪಟ್ಟಿಯ ಹಾಗೆ ಕಾಣುತ್ತದೆ ಅಷ್ಟೇ.

ಇದಕ್ಕೆ ಮದ್ದು ಪರ್ಸ್ಪೆಕ್ಟಿವ್, ಅಂದರೆ ಹತ್ತಿರ ಇರುವುದನ್ನೂ ದೂರ ಇರುವುದನ್ನೂ ಕಣ್ಣಿಗೆ ಕಾಣುವ ಹಾಗೇ ಹಾಳೆಗೆ ಇಳಿಸುವ ವಿಧಾನ. ಆದರೆ ಅದನ್ನು ಹೆಚ್ಚಾಗಿ ಕಲಿಸುವ ಕ್ರಮ ನನಗೆ ಇಷ್ಟವಿಲ್ಲ. ಅಡ್ಡಗೆರೆ ಎಳಿ, ಎರಡು ಚುಕ್ಕೆ ಇಡು, ಸ್ಕೇಲಿಟ್ಟು ಜೋಡಿಸು. ಹಾಳೆಯ ಮೇಲೆ ಕಟ್ಟಡ ನೀಟಾಗಿ ಬರುತ್ತದೆ. ಮರುದಿನ ನಿಜವಾದ ಕಟ್ಟಡದ ಮುಂದೆ ಕೂತರೆ ಏನೂ ತೋಚುವುದಿಲ್ಲ. ಯಾಕೆಂದರೆ ಕೆಲಸ ಮಾಡಿದ್ದು ಸ್ಕೇಲು, ಕಣ್ಣಲ್ಲ. ಇಲ್ಲಿ ಹೇಳುವ ಅಭ್ಯಾಸಗಳೆಲ್ಲ ಉಲ್ಟಾ ಕ್ರಮದಲ್ಲಿವೆ. ಮೊದಲು ಕಣ್ಣಳತೆಯಲ್ಲಿ ಬಿಡಿಸಿ. ಆಮೇಲೆ ಸ್ಕೇಲಿಟ್ಟು ಪರೀಕ್ಷಿಸಿ. ತಪ್ಪು ಎಲ್ಲಿದೆ ಅಂತ ನೋಡಿಕೊಂಡು ಪಕ್ಕದಲ್ಲೇ ಇನ್ನೊಮ್ಮೆ ಬಿಡಿಸಿ.

ಸಾಮಾನು

ಒಂದು ಎಚ್‌ಬಿ ಅಥವಾ 2ಬಿ ಪೆನ್ಸಿಲ್, ಅಗ್ಗದ ಎ4 ಹಾಳೆಗಳು, 30 ಸೆಂ.ಮೀ. ಸ್ಕೇಲು, ಒಂದು ಕೆಂಪು ಬಾಲ್‌ಪೆನ್ನು. ಇಷ್ಟು ಸಾಕು. ದುಬಾರಿ ಸ್ಕೆಚ್‌ಬುಕ್ ಈಗಲೇ ಬೇಡ. ಹಾಳೆ ಹಾಳಾದೀತು ಅನ್ನುವ ಹೆದರಿಕೆಯಲ್ಲಿ ಕೈ ಬಿಗಿಯಾಗುತ್ತದೆ. ಮೊದಲ ಕೆಲವು ವಾರ ರಬ್ಬರನ್ನೂ ದೂರ ಇಡಿ. ತಪ್ಪಿದ ಗೆರೆಯನ್ನು ಅಳಿಸಿದರೆ ಆಮೇಲೆ ಕೆಂಪು ಪೆನ್ನಿನಲ್ಲಿ ಪರೀಕ್ಷಿಸಲು ಏನೂ ಉಳಿಯುವುದಿಲ್ಲ.

ಮೊದಲು ಗೆರೆ

ಹಾಳೆಯ ಆ ತುದಿಗೊಂದು, ಈ ತುದಿಗೊಂದು ಚುಕ್ಕೆ ಇಡಿ. ಪೆನ್ಸಿಲ್ ಹಾಳೆಗೆ ತಾಗದಂತೆ ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ಎರಡು ಮೂರು ಸಲ ಕೈ ಆಡಿಸಿ. ಕಣ್ಣು ಪೆನ್ಸಿಲಿನ ಮೊನೆಯ ಮೇಲಲ್ಲ, ತಲುಪಬೇಕಾದ ಚುಕ್ಕೆಯ ಮೇಲಿರಲಿ. ಕೈಗೆ ದಾರಿ ಗೊತ್ತಾಯಿತು ಅನ್ನಿಸಿದಾಗ ಒಂದೇ ಸಲಕ್ಕೆ ಎಳೆಯಿರಿ. ಚುಕ್ಕೆ ತಪ್ಪಿದರೆ ತಪ್ಪಲಿ. ಅದರ ಮೇಲೆ ಮತ್ತೆ ಮತ್ತೆ ಗೀಚಿ ಸರಿಮಾಡಲು ಹೋಗಬೇಡಿ.

ಉದ್ದ ಗೆರೆ ಬಾಗುತ್ತಿದ್ದರೆ ನೀವು ಮಣಿಕಟ್ಟಿನಿಂದ ಎಳೆಯುತ್ತಿದ್ದೀರಿ ಅಂತ ಅರ್ಥ. ಮಣಿಕಟ್ಟು ಹಾಳೆಗೆ ಊರಿಕೊಂಡರೆ ಅದೇ ಕೇಂದ್ರವಾಗಿ ಪೆನ್ಸಿಲ್ ಕಮಾನಿನಲ್ಲಿ ತಿರುಗುತ್ತದೆ. ಮಣಿಕಟ್ಟನ್ನು ಎತ್ತಿ, ಭುಜದಿಂದ ಕೈ ಚಲಿಸಲಿ. ಮೊದಮೊದಲು ಗೆರೆ ನಡುಗುತ್ತದೆ. ಸ್ವಲ್ಪ ವೇಗವಾಗಿ ಎಳೆದರೆ ನಡುಕ ಕಡಿಮೆಯಾಗುತ್ತದೆ. ದಿನಕ್ಕೆ ಐದು ನಿಮಿಷ ಸಾಕು, ಇದು ಬರೀ ಕೈ ಬಿಸಿ ಮಾಡಿಕೊಳ್ಳುವ ಕೆಲಸ. ತಿಂಗಳುಗಟ್ಟಲೆ ಗೆರೆಗಳನ್ನೇ ಎಳೆಯುತ್ತಾ ಕೂರುವವರಿದ್ದಾರೆ. ಅವರು ಗೆರೆಯಲ್ಲಿ ನಿಪುಣರಾಗುತ್ತಾರೆ, ಚಿತ್ರ ಅಲ್ಲೇ ಉಳಿಯುತ್ತದೆ.

ಕಣ್ಣಿನ ಮಟ್ಟ ಹುಡುಕುವುದು

ಪರ್ಸ್ಪೆಕ್ಟಿವ್‌ನಲ್ಲಿ ಒಂದೇ ಒಂದು ವಿಷಯ ಕಲಿಯಲು ಸಮಯವಿದೆ ಅಂದರೆ ಇದನ್ನು ಕಲಿಯಿರಿ.

ಒಂದು ಗಟ್ಟಿ ರಟ್ಟಿನ ನೋಟ್‌ಬುಕ್ಕನ್ನು ಮಲಗಿಸಿದ ಹಾಗೆ ಸೊಂಟದ ಎತ್ತರದಲ್ಲಿ ಹಿಡಿದುಕೊಳ್ಳಿ. ಮೇಲಿನ ರಟ್ಟು ಕಾಣುತ್ತದೆ. ಓರೆಯಾಗದಂತೆ ನಿಧಾನವಾಗಿ ಮೇಲಕ್ಕೆತ್ತುತ್ತಾ ಹೋಗಿ. ರಟ್ಟು ತೆಳುವಾಗುತ್ತಾ ಆಗುತ್ತಾ, ಒಂದು ಎತ್ತರದಲ್ಲಿ ಪೂರ್ತಿ ಮಾಯವಾಗುತ್ತದೆ. ಪುಸ್ತಕದ ದಪ್ಪ ಮಾತ್ರ ಒಂದು ಪಟ್ಟಿಯಾಗಿ ಉಳಿಯುತ್ತದೆ. ಇನ್ನೂ ಮೇಲೆತ್ತಿ, ಈಗ ಅಡಿಭಾಗ ಕಾಣಲು ಶುರುವಾಗುತ್ತದೆ. ರಟ್ಟು ಮಾಯವಾದ ಆ ಎತ್ತರವೇ ನಿಮ್ಮ ಕಣ್ಣಿನ ಮಟ್ಟ. ಚಿತ್ರದಲ್ಲಿ ಹೊರೈಜನ್ ಲೈನ್ ಅಥವಾ ದಿಗಂತ ರೇಖೆ ಅನ್ನುವುದು ಇದನ್ನೇ. ಅದು ಎಲ್ಲೋ ದೂರದಲ್ಲಿ ಇರುವ ಗೆರೆ ಅಲ್ಲ, ನಿಮ್ಮ ಜೊತೆಗೇ ಇರುತ್ತದೆ. ಕೂತರೆ ಇಳಿಯುತ್ತದೆ, ಏಣಿ ಹತ್ತಿದರೆ ಏರುತ್ತದೆ.

ಈಗ ಗೋಡೆಯ ಮೇಲೆ ಆ ಎತ್ತರಕ್ಕೆ ಒಂದು ತುಂಡು ಟೇಪ್ ಅಂಟಿಸಿ, ಕೋಣೆಯ ಮೂಲೆಯ ಕಡೆಗೆ ನೋಡಿ. ಟೇಪಿಗಿಂತ ಮೇಲಿರುವ ಅಂಚುಗಳು, ಅಂದರೆ ಕಪಾಟಿನ ತಲೆ, ಚಾವಣಿ ಗೋಡೆಗೆ ಸೇರುವ ಗೆರೆ, ಇವೆಲ್ಲ ದೂರ ಹೋಗುತ್ತಾ ಕೆಳಗಿಳಿಯುತ್ತವೆ. ಟೇಪಿಗಿಂತ ಕೆಳಗಿರುವವು ದೂರ ಹೋಗುತ್ತಾ ಮೇಲೇರುತ್ತವೆ. ಸರಿಯಾಗಿ ಟೇಪಿನ ಎತ್ತರದಲ್ಲಿರುವುದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಯಾವ ಚಿತ್ರಕ್ಕೆ ಕೂತರೂ ಹಾಳೆಯ ಮೇಲೆ ಮೊದಲು ಈ ಮಟ್ಟವನ್ನು ತೆಳುವಾಗಿ ಗುರುತು ಮಾಡಿ. ಅದು ಹಾಳೆಯ ಆಚೆ ಹೋಗುವಂತಿದ್ದರೆ ಅಂಚಿನಲ್ಲಿ ಬಾಣದ ಗುರುತು ಹಾಕಿಕೊಳ್ಳಿ.

ಇನ್ನು ಬೇಕಾದ ಸಿದ್ಧಾಂತ ಎರಡು ಸಾಲಿನದು. ಒಂದಕ್ಕೊಂದು ಸಮಾನಾಂತರವಾಗಿ ನಮ್ಮಿಂದ ದೂರ ಹೋಗುವ ಗೆರೆಗಳೆಲ್ಲ ಒಂದೇ ಬಿಂದುವಿನ ಕಡೆಗೆ ಸಾಗುತ್ತವೆ. ಅದು ವ್ಯಾನಿಶಿಂಗ್ ಪಾಯಿಂಟ್. ಆ ಗೆರೆಗಳು ನೆಲಕ್ಕೆ ಸಮವಾಗಿದ್ದರೆ ಅವುಗಳ ಬಿಂದು ಯಾವಾಗಲೂ ಕಣ್ಣಿನ ಮಟ್ಟದ ಗೆರೆಯ ಮೇಲೇ ಇರುತ್ತದೆ.

ಕಿಟಕಿ ಗಾಜಿನ ಮೇಲೆ ಒಂದು ಸಲ

ನಿಯಮ ನಂಬುವ ಮೊದಲು ಕಣ್ಣಾರೆ ನೋಡಿಬಿಡಿ. ಅಳಿಸಬಹುದಾದ ಮಾರ್ಕರ್ ತೆಗೆದುಕೊಂಡು ಕಿಟಕಿ ಗಾಜಿನ ಮುಂದೆ, ಕೈಗೆಟುಕುವ ದೂರದಲ್ಲಿ ಕೂತುಕೊಳ್ಳಿ. ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿ ಗಲ್ಲ ಊರಿ. ತಲೆ ಅಲುಗಬಾರದು. ಒಂದು ಕಣ್ಣು ಮುಚ್ಚಿ. ಎದುರಿನ ಕಟ್ಟಡದ ಅಂಚುಗಳು ಗಾಜಿನ ಮೇಲೆ ಎಲ್ಲಿ ಕಾಣುತ್ತವೋ ಅಲ್ಲೇ ಗೆರೆ ಎಳೆಯಿರಿ. ಕಣ್ಣು ಸ್ವಲ್ಪ ಸರಿದರೂ ಗೆರೆ ಕಟ್ಟಡದಿಂದ ಜಾರಿಹೋಗುತ್ತದೆ. ಪರ್ಸ್ಪೆಕ್ಟಿವ್ ಅಂದರೆ ಒಂದೇ ಕಣ್ಣು, ಒಂದೇ ಜಾಗ ಅನ್ನುವುದು ಆಗ ಗೊತ್ತಾಗುತ್ತದೆ.

ಇದು ಹಳೆಯ ಉಪಾಯ. 1525ರಲ್ಲಿ ಜರ್ಮನಿಯ ಚಿತ್ರಗಾರ ಡ್ಯೂರರ್ ಪ್ರಕಟಿಸಿದ ಒಂದು ಮರದಚ್ಚಿನ ಚಿತ್ರದಲ್ಲಿ ಕಲಾವಿದನೊಬ್ಬ ಸಣ್ಣ ತೂತಿಗೆ ಕಣ್ಣಿಟ್ಟು, ಎದುರಿಗೆ ಕೂತವನನ್ನು ಗಾಜಿನ ಮೇಲೆ ಬಿಡಿಸುತ್ತಿದ್ದಾನೆ. ಅದಕ್ಕೂ ಸುಮಾರು ನೂರು ವರ್ಷ ಹಿಂದೆ ಇಟಲಿಯ ಫ್ಲಾರೆನ್ಸ್‌ನಲ್ಲಿ ವಾಸ್ತುಶಿಲ್ಪಿ ಬ್ರುನೆಲ್ಲೆಸ್ಕಿ ತನ್ನ ಚಿತ್ರಫಲಕಕ್ಕೇ ತೂತು ಕೊರೆದು, ಹಿಂದಿನಿಂದ ಕಣ್ಣಿಟ್ಟು ಕನ್ನಡಿಯಲ್ಲಿ ಚಿತ್ರ ನೋಡುವಂತೆ ಮಾಡಿದ್ದ. ನೋಡುವವರ ಕಣ್ಣನ್ನು ಒಂದೇ ಜಾಗದಲ್ಲಿ ನಿಲ್ಲಿಸುವುದೇ ಇಬ್ಬರ ಉದ್ದೇಶ.

ಬಿಡಿಸಿದ ಮೇಲೆ ಗಾಜಿನ ಮೇಲೇ ಸ್ಕೇಲಿಟ್ಟು ಗೆರೆಗಳನ್ನು ಮುಂದುವರಿಸಿ. ದೂರ ಹೋಗುವ ಒಂದು ಗೋಡೆಯ ಕಿಟಕಿಗಳ ಸಾಲು, ಸಜ್ಜೆ, ಅಡಿಪಾಯ, ಎಲ್ಲವೂ ಒಂದೇ ಕಡೆ ಕೂಡಿಕೊಳ್ಳಲು ಹೊರಡುತ್ತವೆ. ಕೂಡುವ ಜಾಗ ನಿಮ್ಮ ಕಣ್ಣಿನ ಎತ್ತರದಲ್ಲೇ ಇರುತ್ತದೆ.

ಪೆಟ್ಟಿಗೆ: ಹೆಚ್ಚು ಸಮಯ ಇಲ್ಲಿ ಕೊಡಿ

ಪಾಠಗಳಲ್ಲಿ ಮೊದಲು ರೈಲು ಹಳಿ ಬಿಡಿಸಲು ಹೇಳುತ್ತಾರೆ. ನೋಡಲು ಚೆಂದ, ಆದರೆ ಅದರಿಂದ ಕಲಿಯುವುದು ಕಡಿಮೆ. ಪೆಟ್ಟಿಗೆ ಬಿಡಿಸಿ. ಮನೆ, ಬಸ್ಸು, ಮಂಚ, ಕೊನೆಗೆ ಮನುಷ್ಯನ ಎದೆಗೂಡೂ ಒಂದು ಪೆಟ್ಟಿಗೆಯಿಂದಲೇ ಶುರುವಾಗುತ್ತದೆ.

ಒಂದು ಬೆಂಕಿಪೊಟ್ಟಣ ಅಥವಾ ರಟ್ಟಿನ ಡಬ್ಬಿಯನ್ನು ಮೇಜಿನ ಮೇಲೆ ಓರೆಯಾಗಿ, ಅಂದರೆ ಒಂದು ಮೂಲೆ ನಿಮ್ಮ ಕಡೆಗಿರುವ ಹಾಗೆ ಇಡಿ. ನಿಮಗೆ ಹತ್ತಿರದ ಲಂಬ ಅಂಚನ್ನು ಮೊದಲು ಎಳೆಯಿರಿ. ಅದರ ಬುಡದಿಂದ ಎಡಕ್ಕೊಂದು, ಬಲಕ್ಕೊಂದು ಗೆರೆ. ತುದಿಯಿಂದಲೂ ಹಾಗೇ ಎರಡು. ಪಕ್ಕದ ಲಂಬ ಅಂಚುಗಳು. ಆಮೇಲೆ ಹಿಂದಿನ ಅಂಚುಗಳನ್ನು ಮುಚ್ಚಿ. ಡಬ್ಬಿ ಗಾಜಿನದು ಅಂದುಕೊಂಡು ಹಿಂದೆ ಮರೆಯಾದ ಅಂಚುಗಳನ್ನೂ ತೆಳುವಾಗಿ ಎಳೆಯಿರಿ. ಇಷ್ಟರವರೆಗೆ ಸ್ಕೇಲು ಮುಟ್ಟಬಾರದು.

ಈಗ ಕೆಂಪು ಪೆನ್ನು, ಸ್ಕೇಲು. ಎಡಕ್ಕೆ ಹೋಗುವ ನಾಲ್ಕು ಗೆರೆಗಳನ್ನೂ ಹಾಳೆಯ ಅಂಚಿನವರೆಗೆ ಮುಂದುವರಿಸಿ. ಬಲದ ನಾಲ್ಕನ್ನೂ ಹಾಗೇ. ಈ ಕೆಂಪು ಗೆರೆಗಳು ಏನು ಹೇಳುತ್ತಿವೆ ಅಂತ ಓದಬೇಕು. ಅಭ್ಯಾಸದ ಅಸಲು ಭಾಗ ಇದೇ.

ನಾಲ್ಕೂ ಗೆರೆ ದೂರ ಹೋಗುತ್ತಾ ಹತ್ತಿರ ಬರುತ್ತಿವೆಯಾ? ಒಂದು ಜೋಡಿ ದೂರ ದೂರ ಹೋಗುತ್ತಿದ್ದರೆ ನಿಮ್ಮ ಡಬ್ಬಿ ಹಿಂದೆ ದೊಡ್ಡದು, ಮುಂದೆ ಚಿಕ್ಕದು ಆಗಿದೆ. ಮೂರು ಗೆರೆ ಒಂದು ಕಡೆ ಕೂಡಿ, ನಾಲ್ಕನೆಯದು ದಾರಿ ತಪ್ಪಿದ್ದರೆ, ಅದು ಬಹುಪಾಲು ಕೊನೆಯಲ್ಲಿ ಎಳೆದ ಹಿಂದಿನ ಅಂಚೇ ಆಗಿರುತ್ತದೆ. ಅಲ್ಲಿಗೆ ಬರುವ ಹೊತ್ತಿಗೆ ಕಣ್ಣು ಡಬ್ಬಿಯನ್ನು ನೋಡುವುದು ಬಿಟ್ಟಿರುತ್ತದೆ, ಸುಮ್ನೆ ಮೂಲೆಗಳನ್ನು ಸೇರಿಸಿರುತ್ತದೆ.

ಎಡದ ಬಿಂದು, ಬಲದ ಬಿಂದು ಎರಡೂ ಒಂದೇ ಎತ್ತರದಲ್ಲಿವೆಯಾ? ಮೇಜಿನ ಮೇಲೆ ನೆಟ್ಟಗೆ ಕೂತ ಡಬ್ಬಿಗೆ ಎರಡೂ ಕಣ್ಣಿನ ಮಟ್ಟದಲ್ಲೇ ಇರಬೇಕು. ಒಂದು ಮೇಲೆ, ಒಂದು ಕೆಳಗೆ ಇದ್ದರೆ ಡಬ್ಬಿ ಪಕ್ಕಕ್ಕೆ ವಾಲಿದಂತೆ ಕಾಣುತ್ತದೆ.

ಇನ್ನೊಂದು ಪರೀಕ್ಷೆ ಇದೆ, ತುಂಬಾ ಸುಲಭ. ಬೇರೊಂದು ಹಾಳೆಯ ಮೂಲೆಯನ್ನು ಡಬ್ಬಿಯ ಮೇಲ್ಭಾಗದ ಹತ್ತಿರದ ಮೂಲೆಗೆ, ಎಡಬಲದ ಗೆರೆಗಳ ನಡುವೆ ಹೊಂದಿಸಿ ನೋಡಿ. ಹಾಳೆಯ ಮೂಲೆ 90 ಡಿಗ್ರಿ. ನೀವು ಬಿಡಿಸಿದ ಮೂಲೆ ಅದಕ್ಕಿಂತ ಅಗಲವಾಗಿರಬೇಕು. ಅದಕ್ಕಿಂತ ಕಿರಿದಾಗಿದ್ದರೆ ಡಬ್ಬಿ ಹಿಗ್ಗಿ, ಮೂಲೆ ನಿಮ್ಮ ಕಡೆ ಚುಚ್ಚುವ ಹಾಗೆ ಕಾಣುತ್ತದೆ. ಎರಡು ಬಿಂದುಗಳನ್ನು ಬಹಳ ಹತ್ತಿರ ಇಟ್ಟುಬಿಟ್ಟಿದ್ದೀರಿ ಅಂತ ತಿಳಿಯಿರಿ.

ತಪ್ಪು ಗುರುತಿಸಿದ ಮೇಲೆ ಪಕ್ಕದಲ್ಲೇ ಅದೇ ಡಬ್ಬಿಯನ್ನು ಮತ್ತೆ ಬಿಡಿಸಿ, ಮತ್ತೆ ಕೈಯಲ್ಲೇ. ಕೂತಾಗೊಮ್ಮೆ ಐದಾರು ಡಬ್ಬಿ ಸಾಕು. ಪರೀಕ್ಷಿಸದೆ ಐವತ್ತು ಬಿಡಿಸುವುದಕ್ಕಿಂತ ಇದು ವಾಸಿ.

ಬಿಂದು ಹಾಳೆಯ ಆಚೆ ಹೋದಾಗ

ಸ್ಕೇಲಿಟ್ಟು ದೊಡ್ಡ ಚಿತ್ರ ಮಾಡುವ ದಿನ ಬಂದೇ ಬರುತ್ತದೆ. ಆಗ ಎಲ್ಲರೂ ಎರಡು ಬಿಂದುಗಳನ್ನೂ ಹಾಳೆಯ ಒಳಗೇ ಇಡುತ್ತಾರೆ. ಅಡ್ಡ ಇಟ್ಟ ಎ4 ಹಾಳೆಯ ಅಗಲ 29.7 ಸೆಂ.ಮೀ. ಎರಡು ತುದಿಗೂ ಒಂದೊಂದು ಬಿಂದು ಇಟ್ಟರೆ ನಡುವಿನ ಸುಮಾರು 17 ಸೆಂ.ಮೀ. ಅಗಲದ ವೃತ್ತದೊಳಗೆ ಮಾತ್ರ ಕಟ್ಟಡಗಳು ಸಹಜವಾಗಿ ಕಾಣುತ್ತವೆ. ಅದರಾಚೆ ಎಲ್ಲವೂ ಎಳೆದ ರಬ್ಬರಿನಂತಾಗುತ್ತದೆ. ನಾವು ಆರಾಮಾಗಿ ನೋಡುವ ನೋಟದ ಹರವನ್ನು ಚಿತ್ರಗಾರರು ಸುಮಾರು 60 ಡಿಗ್ರಿ ಅಂತ ಇಟ್ಟುಕೊಳ್ಳುತ್ತಾರೆ, ಈ ಅಳತೆ ಬಂದದ್ದು ಅದರಿಂದ.

ಹಾಗಾಗಿ ಹಾಳೆಯನ್ನು ದೊಡ್ಡ ಬೋರ್ಡಿಗೆ ಅಂಟಿಸಿ, ಬಿಂದುಗಳನ್ನು ಬೋರ್ಡಿನ ಮೇಲೆ ದೂರದಲ್ಲಿ ಗುರುತು ಮಾಡಿ. ಸ್ಕೇಲು ಅಷ್ಟು ದೂರ ಮುಟ್ಟದಿದ್ದರೆ ಬಿಂದುವಿಗೊಂದು ಪಿನ್ನು ಚುಚ್ಚಿ ದಾರ ಕಟ್ಟಿ. ದಾರ ಬಿಗಿಯಾಗಿ ಎಳೆದರೆ ಎಲ್ಲಿ ಬೇಕಾದರೂ ಗೆರೆಯ ದಿಕ್ಕು ಸಿಗುತ್ತದೆ. ಲಿಯೊನಾರ್ಡೊ ಡಾ ವಿಂಚಿ ಇಟಲಿಯ ಮಿಲಾನಿನಲ್ಲಿ ಗೋಡೆಯ ಮೇಲೆ ಬಿಡಿಸಿದ ಕ್ರಿಸ್ತನ ಕೊನೆಯ ಭೋಜನದ ಚಿತ್ರದಲ್ಲಿ, ಕ್ರಿಸ್ತನ ಹಣೆಯ ಪಕ್ಕದಲ್ಲಿ ಮೊಳೆ ಹೊಡೆದ ತೂತು ಇವತ್ತಿಗೂ ಇದೆ. ಕೋಣೆಯ ಗೆರೆಗಳೆಲ್ಲ ಕೂಡುವುದು ಅಲ್ಲೇ.

ಸಮ ಅಂತರ: ಕಂಬಗಳ ಸಾಲು

ಸಮ ದೂರದಲ್ಲಿ ನಿಂತ ಕಂಬಗಳು ದೂರ ಹೋಗುತ್ತಾ ಹತ್ತಿರ ಹತ್ತಿರ ಬರುತ್ತವೆ. ಎಷ್ಟು ಹತ್ತಿರ? ಮೊದಲ ಎರಡನ್ನು ಕಣ್ಣಳತೆಯಲ್ಲಿ ನಿಲ್ಲಿಸಿ. ತಲೆಗಳನ್ನು ಸೇರಿಸುವ ಗೆರೆ, ಬುಡಗಳನ್ನು ಸೇರಿಸುವ ಗೆರೆ, ಎರಡನ್ನೂ ವ್ಯಾನಿಶಿಂಗ್ ಪಾಯಿಂಟಿಗೆ ಎಳೆಯಿರಿ. ಈಗ ಮೊದಲ ಕಂಬದ ತಲೆಯಿಂದ ಎರಡನೇ ಕಂಬದ ನಡುಮಧ್ಯದ ಮೂಲಕ ಒಂದು ಓರೆ ಗೆರೆ ಎಳೆದರೆ, ಅದು ಬುಡದ ಗೆರೆಯನ್ನು ಎಲ್ಲಿ ಮುಟ್ಟುತ್ತದೋ ಅಲ್ಲಿ ಮೂರನೇ ಕಂಬ. ಹೀಗೇ ಮುಂದಕ್ಕೆ. ಕಿಟಕಿ, ಬೇಲಿ, ಮೆಟ್ಟಿಲ ಕಟಕಟೆ ಎಲ್ಲದಕ್ಕೂ ಇದೇ ಲೆಕ್ಕ. ಗೋಡೆಯ ನಡುವೆ ಬಾಗಿಲು ಬರಬೇಕಾದರೆ ಗೋಡೆಯ ಎರಡು ಕರ್ಣ ಎಳೆಯಿರಿ, ಅವು ಕತ್ತರಿಸುವ ಜಾಗವೇ ನಿಜವಾದ ಮಧ್ಯ. ಸ್ಕೇಲಿನಿಂದ ಅಳೆದ ಮಧ್ಯಕ್ಕಿಂತ ಅದು ದೂರದ ಅಂಚಿನ ಕಡೆ ಸರಿದಿರುತ್ತದೆ.

ದುಂಡಗಿನವು

ಲೋಟ ಬಿಡಿಸಿ ನೋಡಿ. ಬಾಯಿ ದುಂಡಗೆ, ತಳ ಚಪ್ಪಟೆ ಗೆರೆ. ಹೀಗಾಯಿತು ಅಲ್ವಾ? ಲೋಟ ಮೇಜಿನ ಮೇಲೆ ಚಪ್ಪಟೆಯಾಗಿ ಕೂರುತ್ತದೆ ಅಂತ ತಲೆಗೆ ಗೊತ್ತು, ಅದಕ್ಕೇ. ಕಾಣುವುದು ಬೇರೆ. ವೃತ್ತವು ಓರೆಯಾಗಿ ಕಂಡಾಗ ಎಲಿಪ್ಸ್ ಆಗುತ್ತದೆ. ಕಣ್ಣಿನ ಮಟ್ಟದಲ್ಲಿ ಅದು ಬರೀ ಗೆರೆ. ಮಟ್ಟದಿಂದ ಕೆಳಗಿಳಿದಷ್ಟೂ ತೆರೆದುಕೊಳ್ಳುತ್ತದೆ. ಲೋಟದ ತಳ ಬಾಯಿಗಿಂತ ಕೆಳಗಿದೆ, ಹಾಗಾಗಿ ತಳದ ಬಾಗು ಬಾಯಿಯ ಬಾಗಿಗಿಂತ ಜಾಸ್ತಿ ಇರಬೇಕು. ಪಾರದರ್ಶಕ ಗಾಜಿನ ಲೋಟಕ್ಕೆ ಅರ್ಧ ನೀರು ಹಾಕಿ ಇಟ್ಟುಕೊಂಡರೆ ಬಾಯಿ, ನೀರಿನ ಮಟ್ಟ, ತಳ ಮೂರೂ ಒಟ್ಟಿಗೆ ಕಾಣುತ್ತವೆ.

ಎಲಿಪ್ಸಿನ ಎರಡು ತುದಿಗಳಲ್ಲಿ ಚೂಪು ಮೂಲೆ ಬರಲೇಬಾರದು. ಎಷ್ಟೇ ತೆಳುವಾದರೂ ಅಲ್ಲಿ ಸಣ್ಣ ದುಂಡು ಇದ್ದೇ ಇರುತ್ತದೆ. ಲೋಟ ಉರುಳಿ ಬಿದ್ದಿದ್ದರೆ, ಉದ್ದಕ್ಕೆ ನಡುವಿನಲ್ಲಿ ಹಾದುಹೋಗುವ ಅಕ್ಷ ಎಳೆದುಕೊಳ್ಳಿ. ಎಲಿಪ್ಸಿನ ಗಿಡ್ಡ ಅಳತೆ ಆ ಅಕ್ಷದ ಮೇಲೇ ಕೂರಬೇಕು. ಚಕ್ರಗಳು ಕೆಡುವುದು ಹೆಚ್ಚಾಗಿ ಇಲ್ಲೇ. ಎಲಿಪ್ಸನ್ನು ನೆಟ್ಟಗೆ ನಿಲ್ಲಿಸಿಬಿಡುತ್ತಾರೆ, ಗಾಡಿಯ ಅಚ್ಚು ಬೇರೆ ದಿಕ್ಕಿಗೆ ಇರುತ್ತದೆ.

ಜನ, ಮೆಟ್ಟಿಲು

ಸಮತಟ್ಟಾದ ನೆಲದಲ್ಲಿ ನಿಮ್ಮಷ್ಟೇ ಎತ್ತರದವರು ನಿಂತಿದ್ದಾರೆ, ನೀವೂ ನಿಂತಿದ್ದೀರಿ ಅಂದರೆ ಎಲ್ಲರ ಕಣ್ಣೂ ದಿಗಂತ ರೇಖೆಯ ಮೇಲೇ ಬರುತ್ತದೆ, ಹತ್ತಿರದವರಿರಲಿ ದೂರದವರಿರಲಿ. ಪಾದ ಮಾತ್ರ ಮೇಲೆ ಕೆಳಗೆ ಆಗುತ್ತದೆ. ನೀವು ಕೂತು ನೋಡುತ್ತಿದ್ದರೆ ಆ ರೇಖೆ ಎಲ್ಲರ ಎದೆಯನ್ನೋ ಸೊಂಟವನ್ನೋ ಒಂದೇ ಜಾಗದಲ್ಲಿ ಕತ್ತರಿಸುತ್ತದೆ. ಸಂತೆಯ ಗುಂಪನ್ನು ಬಿಡಿಸಲು ಇದೊಂದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಮೆಟ್ಟಿಲು, ಇಳಿಜಾರು ಚಾವಣಿಗಳ ಬಿಂದು ಮಾತ್ರ ದಿಗಂತ ರೇಖೆಯ ಮೇಲೆ ಇರುವುದಿಲ್ಲ. ದೂರ ಹೋಗುತ್ತಾ ಏರುವ ಮೆಟ್ಟಿಲಾದರೆ ಅದರ ಬುಡದ ಗೆರೆಗಳ ಬಿಂದುವಿನ ನೇರ ಮೇಲೆ, ಇಳಿಯುವುದಾದರೆ ನೇರ ಕೆಳಗೆ.

ಹೊರಗೆ ಕೂತು ಬಿಡಿಸುವಾಗ

ಅಲ್ಲಿ ಸ್ಕೇಲು ಬೇಡ, ಪೆನ್ಸಿಲೇ ಸಾಕು. ಕೈಯನ್ನು ಪೂರ್ತಿ ನೀಟಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ತುದಿಯನ್ನು ಬಾಗಿಲಿನ ತಲೆಗೆ ಹೊಂದಿಸಿ. ಬುಡ ಎಲ್ಲಿ ಬರುತ್ತದೋ ಅಲ್ಲಿ ಹೆಬ್ಬೆರಳು ಇಡಿ. ಇದು ನಿಮ್ಮ ಅಳತೆಗೋಲು. ಗೋಡೆ ಅಂಥ ಎಷ್ಟು ಬಾಗಿಲು ಎತ್ತರ, ಎಷ್ಟು ಅಗಲ ಅಂತ ಎಣಿಸಿ. ಮೊಣಕೈ ಒಂದು ಸಲ ಮಡಿಸಿ, ಒಂದು ಸಲ ನೀಟಿದರೆ ಅಳತೆ ಕೆಟ್ಟುಹೋಗುತ್ತದೆ.

ಓರೆ ನೋಡಲು ಪೆನ್ಸಿಲನ್ನು ಗಡಿಯಾರದ ಮುಳ್ಳು ಅಂದುಕೊಳ್ಳಿ. ಸಜ್ಜೆಯ ಅಂಚಿಗೆ ಹೊಂದಿಸಿ ತಿರುಗಿಸಿ. ನಾಲ್ಕು ಗಂಟೆಯ ಕಡೆಗಾ, ಮೂರೂವರೆಯ ಕಡೆಗಾ? ಪೆನ್ಸಿಲ್ ಮಾತ್ರ ಮುಂದಕ್ಕೆ ಚಾಚಬಾರದು, ನಿಮ್ಮ ಮುಂದೆ ಒಂದು ಗಾಜಿದ್ದು ಅದಕ್ಕೆ ಅಂಟಿಕೊಂಡಂತೆ ತಿರುಗಬೇಕು. ಅಂಚು ದೂರ ಹೋಗುತ್ತಿದೆ ಅಂತ ಪೆನ್ಸಿಲನ್ನೂ ಅತ್ತ ಚಾಚಿದರೆ ಓರೆ ಸುಳ್ಳಾಗುತ್ತದೆ.

ಫೋಟೋ ನೋಡಿ ಬಿಡಿಸಬಾರದು ಅಂತ ನಾನು ಹೇಳುವುದಿಲ್ಲ. ಆದರೆ ಫೋನಿನ ಕ್ಯಾಮೆರಾ ಅಗಲ ನೋಟದ್ದು, ಹತ್ತಿರ ಹಿಡಿದರೆ ಮುಂದಿರುವುದನ್ನು ದೊಡ್ಡದು ಮಾಡಿ ಹಿಂದಿರುವುದನ್ನು ಕುಗ್ಗಿಸುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದು, ಜೂಮ್ ಮಾಡಿ ತೆಗೆಯಿರಿ. ಫೋನನ್ನು ಮೇಲಕ್ಕೆ ಓರೆ ಮಾಡಿದರೆ ಕಟ್ಟಡದ ಲಂಬ ಗೆರೆಗಳೂ ಮೇಲೆ ಕೂಡತೊಡಗುತ್ತವೆ. ಮೂರು ಬಿಂದುವಿನ ಪರ್ಸ್ಪೆಕ್ಟಿವ್ ಅಂದರೆ ಅಷ್ಟೇ, ಅದಕ್ಕೆ ಬೇರೆ ಪಾಠ ಬೇಡ. ಪ್ರಿಂಟ್ ತೆಗೆದ ಫೋಟೋ ಮೇಲೆ ಕೆಂಪು ಗೆರೆ ಎಳೆದು ದಿಗಂತ ರೇಖೆ ಹುಡುಕುವುದು ಮಳೆಗಾಲದ ಸಂಜೆಗೆ ಒಳ್ಳೆ ಆಟ.

ದಿನಕ್ಕೆ ಅರ್ಧ ಗಂಟೆ

ಐದು ನಿಮಿಷ ಗೆರೆ, ಹದಿನೈದು ನಿಮಿಷ ಪೆಟ್ಟಿಗೆ ಅಥವಾ ಲೋಟ, ಕೆಂಪು ಪೆನ್ನು ಸೇರಿ. ಉಳಿದ ಹತ್ತು ನಿಮಿಷ ಕಣ್ಣೆದುರಿಗೆ ಇರುವ ಏನನ್ನಾದರೂ, ಯಾವ ಪರೀಕ್ಷೆಯೂ ಇಲ್ಲದೆ ಬಿಡಿಸಿ. ಚಪ್ಪಲಿ, ಬಾಗಿಲ ಸಂದು, ಮಲಗಿದ ಬೆಕ್ಕು, ಯಾವುದಾದರೂ ಆಗುತ್ತದೆ. ಈ ಕೊನೆಯ ಹತ್ತು ನಿಮಿಷ ಬಿಟ್ಟರೆ ಬೇಸರ ಬಂದು ಎಲ್ಲವೂ ನಿಲ್ಲುತ್ತದೆ. ಹಾಳೆಗೆ ತಾರೀಖು ಹಾಕಿಡಿ.

ಕೆಂಪು ಗೆರೆಗಳು ಹೆಚ್ಚುಕಡಿಮೆ ಒಂದೇ ಕಡೆ ಕೂಡಲು ಶುರುವಾದಾಗ ಪೆಟ್ಟಿಗೆಯನ್ನು ಕೈಯಲ್ಲಿ ಎತ್ತಿ ಬೇಕಾದ ಹಾಗೆ ತಿರುಗಿಸಿ ಬಿಡಿಸಿ. ಆಮೇಲೆ ಎರಡು ಪೆಟ್ಟಿಗೆ ಒಂದರ ಮೇಲೊಂದು, ನಡುವೆ ಸ್ವಲ್ಪ ಜಾಗ ಬಿಟ್ಟು, ಮೇಲಿನದು ಒಂದು ಕಡೆಗೆ, ಕೆಳಗಿನದು ಇನ್ನೊಂದು ಕಡೆಗೆ ತಿರುಗಿದಂತೆ. ಮೇಲಿನದು ಎದೆಗೂಡು, ಕೆಳಗಿನದು ಸೊಂಟ. ನಿಮ್ಮ ಕಡೆಗೆ ಚಾಚಿದ ತೋಳನ್ನು ಎರಡು ಕೊಳವೆ ಅಂದುಕೊಂಡು, ಮೊಣಕೈ, ಮಣಿಕಟ್ಟುಗಳಲ್ಲಿ ಲೋಟದ ಬಾಯಿಯಂಥದ್ದೇ ಎಲಿಪ್ಸ್ ಹಾಕಿ. ನಿಮ್ಮ ಕಡೆ ನೇರವಾಗಿ ತಿರುಗಿದಷ್ಟೂ ಎಲಿಪ್ಸ್ ದುಂಡಗೆ, ಕೊಳವೆ ಗಿಡ್ಡ. ಬಟ್ಟೆ, ಬೆರಳು, ನೆರಳು ಎಲ್ಲ ಇದರ ಮೇಲೆ ಬರಲಿ.